ಬಾದಾಮಿಯ ಬಂಡೆ: ಒಂದು ದಿನ ನೋಡಲಿಕ್ಕೆ, ಒಂದು ದಿನ ಏರಲಿಕ್ಕೆ

ಬಾದಾಮಿಗೆ ಎಷ್ಟು ಸಲ ಹೋಗಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಅಲ್ಲಿಂದ ಬಾದಾಮಿ ಸುಮಾರು 35 ಕಿಲೋಮೀಟರ್. ಬೆಂಗಳೂರಿನಿಂದ ಬೀಗರು ಬಂದರೆ ಬಾದಾಮಿ, ಶಾಲೆಯ ಟ್ರಿಪ್ ಅಂದರೆ ಬಾದಾಮಿ, ಬನಶಂಕರಿಗೆ ಹರಕೆ ಇದ್ದರೆ ದಾರಿಯಲ್ಲೇ ಬಾದಾಮಿ. ಪ್ರತಿ ಸಲವೂ ಅದೇ ಪಾಠ. ಮೆಟ್ಟಿಲು ಹತ್ತು, ನಟರಾಜನ ಮುಂದೆ ಫೋಟೋ ತೆಗೆಸು, ಇಳಿ, ಕೆರೆ ದಂಡೆಯಲ್ಲಿ ಚುರುಮುರಿ ತಿನ್ನು, ಮಂಗ ಕಸಿದುಕೊಂಡರೆ ಬೈಯುತ್ತಾ ಬಸ್ ಹತ್ತು.

38ನೇ ವಯಸ್ಸಿಗೆ ಮೊದಲ ಸಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಲ್ಲಿನ ಬಂಡೆ ಏರಿದೆ. ಹನ್ನೆರಡು ಅಡಿ ಮೇಲೆ ಕಾಲು ನಡುಗುತ್ತಾ ನಿಂತಿದ್ದಾಗ ಬೆರಳಿಗೆ ಒಂದು ಅಡ್ಡ ಗೆರೆ ಸಿಕ್ಕಿತು. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಹಿಂದಿನ ದಿನ ಗುಹೆಯ ಗೋಡೆಯಲ್ಲಿ ವರಾಹನ ಪಕ್ಕದಲ್ಲಿ ಹಾದುಹೋಗಿದ್ದು ಇಂಥದ್ದೇ ಗೆರೆ. ಶಿಲ್ಪಿಯ ಉಳಿಗೆ ದಾರಿ ಕೊಟ್ಟ ಪದರವೇ ನನ್ನ ಬೆರಳಿಗೂ ಜಾಗ ಕೊಟ್ಟಿತ್ತು. ಅದಕ್ಕೇ ಈ ಮಾರ್ಗದರ್ಶಿಯನ್ನು ಹೀಗೆ ಜೋಡಿಸಿದ್ದೇನೆ: ಮೊದಲ ದಿನ ಬಂಡೆಯನ್ನು ಕಣ್ಣಿನಿಂದ ಓದಿ, ಎರಡನೇ ದಿನ ಕೈ ಹಾಕಿ. ತಿರುಗಾಮುರುಗಾ ಮಾಡಬೇಡಿ. ಮೊದಲೇ ಏರಿಬಿಟ್ಟರೆ ಮರುದಿನ ಗುಹೆಯ ಮೆಟ್ಟಿಲು ಹತ್ತಲು ತೊಡೆ ಒಪ್ಪುವುದಿಲ್ಲ. ಇದು ಅನುಭವದ ಮಾತು.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ. ಅಷ್ಟೇ. ಮಾರ್ಚ್ ಅರ್ಧ ದಾಟಿದರೆ ನಮ್ಮ ಕಡೆ ಬಿಸಿಲು ಏನಂತ ಗೊತ್ತಲ್ವಾ? ಏಪ್ರಿಲ್‌ನಲ್ಲಿ ಮಧ್ಯಾಹ್ನ ಬಂಡೆ ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ. ಮಳೆಗಾಲದಲ್ಲಿ ಊರು ನೋಡಲು ಬಹಳ ಚಂದ, ಬಂಡೆಯ ತುದಿಯಿಂದ ನೀರು ಕೆರೆಗೆ ಬೀಳುತ್ತದೆ. ಆದರೆ ಏರಲು ಆ ಕಾಲ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಡಿಸೆಂಬರ್ ಕೊನೆಯ ವಾರ ಶಾಲಾ ಮಕ್ಕಳ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಬನದ ಹುಣ್ಣಿಮೆಯ ಸಮಯದಲ್ಲಿ ಬನಶಂಕರಿ ಜಾತ್ರೆ. ಜಾತ್ರೆ ನೋಡಬೇಕೆಂದರೆ ಅದಕ್ಕಾಗಿಯೇ ಹೋಗಿ. ಬಂಡೆ ಏರಲು ಮಾತ್ರ ಆ ವಾರ ತಪ್ಪಿಸಿ, ರೂಮೂ ಸಿಗುವುದಿಲ್ಲ, ಆಟೋನೂ ಸಿಗುವುದಿಲ್ಲ.

ರೈಲು ಗದಗ–ಬಾಗಲಕೋಟೆ–ವಿಜಯಪುರ ಮಾರ್ಗದಲ್ಲಿದೆ. ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ, ಹೊರಗೆ ಆಟೋ ಇರುತ್ತವೆ. ಹುಬ್ಬಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ನೇರ ಗಾಡಿ ಸಿಗದಿದ್ದರೆ ಕುಳಗೇರಿ ಕ್ರಾಸ್‌ನಲ್ಲಿ ಇಳಿದು ಬದಲಿಸಿ. ವಿಜಯಪುರದವರಿಗೆ ರೈಲೇ ಆರಾಮ. ಬೆಳಗಾವಿಯವರಿಗೆ ಕಾರಿನಲ್ಲಿ ಮೂರು-ನಾಲ್ಕು ತಾಸಿನ ದಾರಿ. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಮರೆಯಬೇಡಿ, ರಾಜ್ಯದ ಸಾರಿಗೆ ಬಸ್ಸಿನಲ್ಲಿ ಬಂದರೆ ಟಿಕೆಟ್ ದುಡ್ಡು ಕರದಂಟಿಗೆ ಉಳಿಯುತ್ತದೆ.

ಬಸ್ ನಿಲ್ದಾಣದ ಆಸುಪಾಸಿನಲ್ಲೇ ಉಳಿದುಕೊಳ್ಳಿ. ಗುಹೆಗೂ ಕೆರೆಗೂ ನಡೆದೇ ಹೋಗಬಹುದು.

ಮೊದಲ ದಿನ ಬೆಳಿಗ್ಗೆ: ಗುಹೆಗಳು

ಬಾಗಿಲು ತೆಗೆಯುತ್ತಿದ್ದಂತೆ ಟಿಕೆಟ್ ಕೌಂಟರ್ ಮುಂದೆ ಇರಿ. ಕೈಯಲ್ಲಿ ತಿನ್ನುವ ವಸ್ತು ಇರಬಾರದು, ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ. ಅಲ್ಲಿನ ಮಂಗಗಳಿಗೆ ಚೀಲದ ಚರಪರ ಸದ್ದು ಊಟದ ಗಂಟೆ ಇದ್ದಂತೆ. ನೀರಿನ ಬಾಟಲಿಯನ್ನೂ ಬ್ಯಾಗಿನೊಳಗೆ ಇಡಿ.

ಬಾದಾಮಿ ಬಾದಾಮಿ ಆಗುವ ಮೊದಲು ವಾತಾಪಿ. 543ರಲ್ಲಿ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಬಂಡೆಯ ಮೇಲೆಯೇ ಕೆತ್ತಿಸಿದ್ದಾನೆ. ಇಲ್ಲಿಂದ ಚಾಲುಕ್ಯರು ಸುಮಾರು ಇನ್ನೂರು ವರ್ಷ ಆಳಿದರು. ಸಮುದ್ರದಿಂದ ಇಷ್ಟು ದೂರದ ಊರಿನ ರಾಜ ಇಮ್ಮಡಿ ಪುಲಕೇಶಿ, ಪಶ್ಚಿಮ ಸಮುದ್ರದ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದ ಅಂತ 634ರ ಐಹೊಳೆ ಶಾಸನ ಹೇಳುತ್ತದೆ. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಕೆರೆ ಬಿಟ್ಟರೆ ಬೇರೆ ದಂಡೆ ಇಲ್ಲ. ಆದರೂ ಗತ್ತು ನೋಡಿ.

ಗುಹೆ ನಾಲ್ಕು. ಎಲ್ಲದಕ್ಕೂ ಸಮಯ ಸಮ ಹಂಚಬೇಡಿ. ಮೊದಲನೆಯದರಲ್ಲಿ ಬಾಗಿಲ ಪಕ್ಕದ ಬಂಡೆಯಲ್ಲೇ ಹದಿನೆಂಟು ಕೈಯ ನಟರಾಜ. ಎಡದ ಒಂದು ಕೈ, ಬಲದ ಒಂದು ಕೈ ಅಂತ ಜೋಡಿಸುತ್ತಾ ಹೋದರೆ 81 ಭಂಗಿ ಆಗುತ್ತವೆ ಅಂತ ಗೈಡ್‌ಗಳು ಲೆಕ್ಕ ಕೊಡುತ್ತಾರೆ. ಮಕ್ಕಳಿದ್ದರೆ ಎಣಿಸಲು ಬಿಡಿ, ಅರ್ಧ ಗಂಟೆ ನೆಮ್ಮದಿ. ಎರಡನೆಯದು ಸಣ್ಣದು, ವಿಷ್ಣುವಿನದು. ಅಲ್ಲಿಯ ತ್ರಿವಿಕ್ರಮ ಕಾಲೆತ್ತಿದ ಪರಿ ನೋಡಿ, ನಾಳೆ ನಿಮಗೂ ಅದೇ ಪರಿ ಬೇಕಾಗುತ್ತದೆ.

ಮೂರನೆಯ ಗುಹೆಗೆ ಕನಿಷ್ಠ ಒಂದು ಗಂಟೆ ಇಡಿ. ನಾಲ್ಕರಲ್ಲಿ ದೊಡ್ಡದು ಇದೇ. ಶಕ ವರ್ಷ 500, ಅಂದರೆ 578ರ ಕಾರ್ತಿಕ ಹುಣ್ಣಿಮೆಗೆ ಮಂಗಳೇಶ ಇದನ್ನು ಮುಗಿಸಿದ ಅಂತ ಒಳಗಿನ ಶಾಸನದಲ್ಲೇ ಇದೆ. ಆಗ ಆಳುತ್ತಿದ್ದವನು ಅವನ ಅಣ್ಣ ಕೀರ್ತಿವರ್ಮ. ತಾರೀಖು ಖಚಿತವಾಗಿ ಸಿಗುವ ಗುಹೆ ಇದಾದ್ದರಿಂದ, ಇತಿಹಾಸಕಾರರು ಉಳಿದವುಗಳ ಕಾಲವನ್ನೂ ಇದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಶೇಷನ ಮೇಲೆ ಕುಳಿತ ವಿಷ್ಣು, ನಿಂತ ನರಸಿಂಹ, ವರಾಹ, ಕಂಬದ ತುದಿಯಲ್ಲಿ ಜೋಡಿಗಳು, ಸೂರಿನಡಿ ಮಾಸಿದ ಬಣ್ಣದ ಚಿತ್ರಗಳ ಕುರುಹು. ಎಲ್ಲ ನೋಡಿ ಮುಗಿದ ಮೇಲೆ ಇನ್ನೊಂದು ಸುತ್ತು ಹಾಕಿ. ಈ ಸಲ ಮೂರ್ತಿ ಬಿಡಿ, ಕಲ್ಲು ನೋಡಿ.

ಗೋಡೆಯ ಉದ್ದಕ್ಕೂ ತೆಳು ಅಡ್ಡ ಗೆರೆಗಳು ಕಾಣುತ್ತವೆ. ಕೆಲವು ಕಡೆ ಕೆಂಪು, ಕೆಲವು ಕಡೆ ನೇರಳೆ, ಕೆಲವು ಕಡೆ ಹಳದಿ. ಇದು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರ ಪದರವಾಗಿ ಕೂತು ಗಟ್ಟಿಯಾಗಿದ್ದು. ಕೆಂಪು ಬಂದಿದ್ದು ಕಬ್ಬಿಣದ ಅಂಶದಿಂದ. ಹಂಪಿಯ ಕಣಶಿಲೆ ಗುಂಡುಗುಂಡಾಗಿ ಸಿಪ್ಪೆ ಏಳುತ್ತದೆ. ಇಲ್ಲಿಯ ಕಲ್ಲು ಹಾಗಲ್ಲ. ಅಡ್ಡಡ್ಡ ಪದರ, ಉದ್ದುದ್ದ ಸೀಳು, ಹೀಗಾಗಿ ಗೋಡೆ ಕತ್ತರಿಸಿದಂತೆ ನೆಟ್ಟಗೆ ನಿಲ್ಲುತ್ತದೆ. ಚಾಲುಕ್ಯರ ಶಿಲ್ಪಿಗಳು ದಪ್ಪನೆಯ, ಬಿರುಕಿಲ್ಲದ ಪದರ ಆರಿಸಿ ಅದರೊಳಗೆ ಗುಹೆ ಕೊರೆದರು. ಏರುವವರು ಎರಡು ಪದರ ಸೇರುವ ಸಂದಿ ಹುಡುಕುತ್ತಾರೆ. ಇಬ್ಬರೂ ಓದಿದ್ದು ಒಂದೇ ಪುಟ.

ನಾಲ್ಕನೆಯದು ಜೈನ ಗುಹೆ. ಪಾರ್ಶ್ವನಾಥ, ಬಾಹುಬಲಿ ಇದ್ದಾರೆ. ಹೊರಗಿನ ಕಟ್ಟೆಯಿಂದ ಕೆರೆ ಪೂರ್ತಿ ಕಾಣುತ್ತದೆ. ಮೇಲಿನ ದಕ್ಷಿಣ ಕೋಟೆಗೆ ಹೋಗುವ ಕಡಿದಾದ ಮೆಟ್ಟಿಲಿನ ಗೇಟಿಗೆ ಬೀಗ ಇದೆ. ಸುಮ್ನೆ ಹಾರಲು ಹೋಗಬೇಡಿ.

ಇಲ್ಲೇ ಒಂದು ಕಟ್ಟುನಿಟ್ಟಿನ ಮಾತು. ಗುಹೆ, ಕೋಟೆ, ಗುಡಿ ಇರುವ ಬಂಡೆ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಅಲ್ಲಿ ಏರುವ ಅಭ್ಯಾಸ ಮಾಡುವ ಹಾಗಿಲ್ಲ, ಚಾಕ್ (ಬೆವರಿಗೆ ಕೈ ಜಾರದಂತೆ ಹಚ್ಚುವ ಬಿಳಿ ಪುಡಿ) ಮೆತ್ತುವ ಹಾಗಿಲ್ಲ, ಹೆಸರು ಕೆತ್ತುವುದಂತೂ ದೂರದ ಮಾತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರದ ನಾನೂರು ವರ್ಷ ಉಳಿದ ಕಂಬದ ಮೇಲೆ ಯಾವನೋ ತನ್ನ ಹುಡುಗಿಯ ಹೆಸರು ಗೀಚಿದ್ದನ್ನು ಕಂಡಾಗ ಅವನಿಗೆ ಎರಡು ವರ್ಷ ಕಡಿಮೆಯೇ ಅನಿಸುತ್ತದೆ ನನಗೆ.

ಮಧ್ಯಾಹ್ನ ಮತ್ತು ಸಂಜೆ: ಕೆರೆ, ಮ್ಯೂಸಿಯಂ, ಬಡಗಣ ಕೋಟೆ

ಶುಕ್ರವಾರ ಮ್ಯೂಸಿಯಂಗೆ ರಜೆ. ಇಷ್ಟು ಹತ್ತಿರದ ಊರಿನವನಾಗಿಯೂ ನಾನು ಎರಡು ಸಲ ಶುಕ್ರವಾರವೇ ಹೋಗಿ ಬಾಗಿಲು ನೋಡಿ ಬಂದಿದ್ದೇನೆ. ನೀವು ಹಾಗೆ ಮಾಡಬೇಡಿ. ಬಿಸಿಲು ಜಾಸ್ತಿ ಇರುವ ಹೊತ್ತನ್ನು ಮ್ಯೂಸಿಯಂ ಒಳಗೆ ಕಳೆದು, ನಾಲ್ಕು ಗಂಟೆ ಸುಮಾರಿಗೆ ಅದರ ಪಕ್ಕದಿಂದ ಉತ್ತರ ಕೋಟೆ ಹತ್ತಿ.

ಈ ದಾರಿಯೇ ನನಗೆ ಗುಹೆಗಿಂತ ಇಷ್ಟ. ಎರಡು ಬಂಡೆಗಳ ನಡುವಿನ ಓಣಿಯಲ್ಲಿ ಮೆಟ್ಟಿಲು. ಎರಡೂ ಕಡೆ ಕೆಂಪು ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ. ಬೆಳಿಗ್ಗೆ ಹೇಳಿದ ಉದ್ದ ಸೀಳು ಅಂದರೇನು ಅಂತ ಇಲ್ಲಿ ಬಾಯಿಬಿಟ್ಟು ಹೇಳಬೇಕಾಗಿಲ್ಲ, ನೀವು ಅದರೊಳಗೇ ನಡೆಯುತ್ತಿರುತ್ತೀರಿ. ಮೇಲೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಧಾನ್ಯದ ಕಣಜಗಳು. ಮೇಲಿನ ಶಿವಾಲಯದ ಗೋಡೆಯಲ್ಲಿ ಕೃಷ್ಣನ, ರಾಮಾಯಣದ ಕಥೆಗಳ ಸಣ್ಣ ಕೆತ್ತನೆಗಳಿವೆ. ಮಾಲೆಗಿತ್ತಿ ಶಿವಾಲಯ ಬೇರೆಯೇ ಒಂದು ಬಂಡೆಯ ಮೇಲೆ ಒಂಟಿಯಾಗಿ ಕೂತಿದೆ, ಅದಕ್ಕೆ ದಾರಿ ಬೇರೆ.

642ರಲ್ಲಿ ಪಲ್ಲವರ ನರಸಿಂಹವರ್ಮ ಈ ಊರನ್ನು ಹಿಡಿದು ಬಂಡೆಯ ಮೇಲೆ ತನ್ನದೊಂದು ಶಾಸನ ಕೆತ್ತಿಸಿದ. ಆಮೇಲೆ ಚಾಲುಕ್ಯರು ಊರನ್ನು ವಾಪಸ್ ಪಡೆದರು. ಆದರೆ ಶತ್ರುವಿನ ಶಾಸನವನ್ನು ಉಜ್ಜಿ ಹಾಕಲಿಲ್ಲ. ಇದು ನನಗೆ ಯಾವಾಗಲೂ ಸೋಜಿಗ.

ಇನ್ನೂ ಕಾಲಲ್ಲಿ ಕಸುವಿದ್ದರೆ ಕೆರೆಯ ಈಶಾನ್ಯಕ್ಕೆ, ತಟ್ಟುಕೋಟೆ ಕಡೆ, ಕಪ್ಪೆ ಅರಭಟ್ಟನ ಶಾಸನ ನೋಡಿ ಬನ್ನಿ. ಸುಮಾರು 700ರ ಕಾಲದ್ದು. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ತ್ರಿಪದಿ ಇದೇ. ಪುಸ್ತಕದಲ್ಲಿ ಓದಿದ್ದು ಬೇರೆ. ಬಂಡೆಯ ಮೇಲೆ, ಗಾಳಿಯಲ್ಲಿ ನಿಂತು ಅಕ್ಷರ ಕೂಡಿಸುತ್ತಾ ಓದಲು ಯತ್ನಿಸುವುದು ಬೇರೆ. ಸೂರ್ಯ ಮುಳುಗುವ ಮುಂಚೆ ಭೂತನಾಥ ಗುಡಿಯ ಕಟ್ಟೆಗೆ ಬಂದು ಕೂಡಿ. ಸಂಜೆ ಬಿಸಿಲಿಗೆ ಬಂಡೆ ಕೆಂಡದ ಹಾಗೆ ಕಾಣುತ್ತದೆ. ದಂಡೆಯಲ್ಲಿ ಬಟ್ಟೆ ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ಒಂದು ಕ್ಷಣ ತಡವಾಗಿ ವಾಪಸ್ ಬರುತ್ತದೆ.

ಕಲಿಸುವವರನ್ನು ಹುಡುಕುವುದು

ಬಾದಾಮಿ ಏರುವವರ ಲೋಕದಲ್ಲಿ ಹೆಸರಾದ ಊರು. ಹೊರದೇಶದವರೂ ಚಳಿಗಾಲಕ್ಕೆ ಬರುತ್ತಾರೆ. ಹಗ್ಗ ಸಿಕ್ಕಿಸಲು ಬಂಡೆಗೆ ಬೋಲ್ಟ್ ಹೊಡೆದ ದಾರಿಗಳು ನೂರಕ್ಕೂ ಜಾಸ್ತಿ ಇವೆ. ಫ್ರಾನ್ಸಿನ ಅಲೆಕ್ಸಾಂಡರ್ ಶಾಬೊ ಏರಿದ ‘ಗಣೇಶ’ ಅನ್ನುವ ದಾರಿ ಫ್ರೆಂಚ್ ಲೆಕ್ಕದಲ್ಲಿ 8ಬಿ+, ಅಂದರೆ ದೇಶದ ಅತಿ ಕಷ್ಟದ ದಾರಿಗಳಲ್ಲಿ ಒಂದು. ನೀವೂ ನಾನೂ ಅದರ ಬುಡದಲ್ಲಿ ನಿಂತು ಫೋಟೋ ತೆಗೆಸಬಹುದು, ಅಷ್ಟೇ. ನಮಗೆ ಬೇಕಾದದ್ದು ಅದೇ ಲೆಕ್ಕದಲ್ಲಿ 5ರ ಆಸುಪಾಸಿನ ಸುಲಭದ ದಾರಿ.

ರಾಜ್ಯ ಸರಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಏರುವ ಶಿಬಿರಗಳನ್ನು ನಡೆಸುತ್ತದೆ. ಕಾಲೇಜು ಹುಡುಗರಿಗೆ ಅದು ಒಳ್ಳೆಯ ದಾರಿ. ಎರಡು ದಿನಕ್ಕೆ ಬರುವವರು ಊರಲ್ಲೇ ಇರುವ ತರಬೇತುದಾರರನ್ನು ಹಿಡಿಯಬೇಕು. ಊರಿಗೆ ಬಂದ ಮೇಲೆ ಹುಡುಕುವುದಕ್ಕಿಂತ ಒಂದು ವಾರ ಮುಂಚೆ ಫೋನ್ ಮಾಡಿ. ದುಡ್ಡಿನ ಮಾತಿಗಿಂತ ಮೊದಲು ಈ ಪ್ರಶ್ನೆಗಳನ್ನು ಕೇಳಿ.

ನೀವು ಎಲ್ಲಿ ಕಲಿತಿರಿ? ಒಬ್ಬರ ಕೈಕೆಳಗೆ ಎಷ್ಟು ಜನ? ನಾಲ್ಕಕ್ಕಿಂತ ಜಾಸ್ತಿ ಅಂದರೆ ನಾನು ಒಪ್ಪುವುದಿಲ್ಲ. ಏರುವ ಜಾಗ ಸಂರಕ್ಷಿತ ಆವರಣದ ಹೊರಗಿದೆಯಾ? ಮೇಲೆ ಕಟ್ಟುವ ಆಂಕರ್, ಅಂದರೆ ಹಗ್ಗದ ಭಾರ ಹೊರುವ ಕಟ್ಟು, ಎಷ್ಟು ಬೋಲ್ಟಿನದು? ಒಂದೇ ಅಂದರೆ ನಮಸ್ಕಾರ ಹೇಳಿ ಬನ್ನಿ, ಕನಿಷ್ಠ ಎರಡು ಬೇಕು. ಹಗ್ಗ ಮತ್ತು ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ) ಎಷ್ಟು ವರ್ಷದವು? ಬಳಸದೆ ಇಟ್ಟರೂ ಹತ್ತು ವರ್ಷ ದಾಟಿದ ಹಗ್ಗ, ಹಾರ್ನೆಸ್ ಬಿಸಾಡಬೇಕು ಅಂತ ತಯಾರಕರೇ ಹೇಳುತ್ತಾರೆ. ಹೆಚ್ಚು ಬಳಸಿದ್ದರೆ ಇನ್ನೂ ಬೇಗ.

ನಾನು ಮೊದಲ ಸಲ ಮಾತಾಡಿದ ಒಬ್ಬರು ‘ಹೆಲ್ಮೆಟ್ ಯಾಕ್ರೀ ಸರ, ಏನೂ ಆಗೂದಿಲ್ಲ’ ಅಂದರು. ಅವರು ತೋರಿಸಿದ ಹಾರ್ನೆಸ್‌ನ ಹೊಲಿಗೆ ಬಿಸಿಲಿಗೆ ಬಿಳಚಿಕೊಂಡು ದಾರ ಎದ್ದಿತ್ತು. ಮುಂಗಡ ಐದುನೂರು ರೂಪಾಯಿ ಹೋದರೆ ಹೋಯಿತು ಅಂತ ಬಿಟ್ಟು ಬಂದೆ. ಇವತ್ತಿಗೂ ಆ ಐದುನೂರಿನ ಬಗ್ಗೆ ಬೇಜಾರಿಲ್ಲ. ಆಮೇಲೆ ಸಿಕ್ಕವರು ಮಾತು ಕಡಿಮೆ, ಗಂಟು ನೋಡುವುದು ಜಾಸ್ತಿ. ಅಂಥವರು ಬೇಕು.

ಒಂದು ಮಾತು. ಚಿತ್ರದುರ್ಗದ ಜ್ಯೋತಿರಾಜ್ ಹಗ್ಗವಿಲ್ಲದೆ ಕೋಟೆ ಗೋಡೆ ಏರುವ ವಿಡಿಯೋ ನೋಡಿ ರಕ್ತ ಬಿಸಿಯಾಗಿ ಬರುವ ಹುಡುಗರು ಬಹಳ. ಅವರದು ವರ್ಷಗಟ್ಟಲೆಯ ಅಭ್ಯಾಸ, ಅವರೂ ಬಿದ್ದು ಮೂಳೆ ಮುರಿದುಕೊಂಡವರೇ. ನಿಮ್ಮದು ಶನಿವಾರ-ರವಿವಾರದ ಟ್ರಿಪ್.

ಏನು ತೊಡಬೇಕು, ಏನು ತರಬೇಕು

ಹಗ್ಗ, ಹಾರ್ನೆಸ್, ಹೆಲ್ಮೆಟ್, ಕ್ಯಾರಬೀನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ), ಬಿಲೇ ಸಾಧನ (ಕೆಳಗಿನವರು ಹಗ್ಗ ತಡೆದು ಹಿಡಿಯುವ ಉಪಕರಣ) ಎಲ್ಲ ತರಬೇತುದಾರರದ್ದೇ. ಕ್ಲೈಂಬಿಂಗ್ ಶೂ ಅವರ ಹತ್ತಿರ ನಿಮ್ಮ ಅಳತೆಯದು ಇದೆಯಾ ಕೇಳಿಕೊಳ್ಳಿ. ಅದು ಬಿಗಿಯಾಗಿರಬೇಕು, ಬೆರಳು ಸ್ವಲ್ಪ ಮಡಚುವಷ್ಟು. ಆದರೆ ಕಣ್ಣಲ್ಲಿ ನೀರು ಬರುವಷ್ಟಲ್ಲ.

ನೀವು ತರಬೇಕಾದದ್ದು ಕಾಲು ಪೂರ್ತಿ ಎತ್ತಲು ಬರುವ ಪ್ಯಾಂಟು. ಜೀನ್ಸ್ ಬೇಡ. ತಿಳಿ ಬಣ್ಣದ ಅಂಗಿ. ಮೂರು ಲೀಟರ್ ನೀರು. ಬೆರಳಿಗೆ ಸುತ್ತಲು ಬಟ್ಟೆಯ ಅಂಟುಪಟ್ಟಿ. ಅಮೀನಗಡದ ಕರದಂಟು ಎರಡು ತುಂಡು. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ ಎಲ್ಲ ಇರುವ ಅದಕ್ಕಿಂತ ಒಳ್ಳೆ ಎನರ್ಜಿ ಬಾರ್ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ.

ಹಿಂದಿನ ರಾತ್ರಿ ಉಗುರು ಕತ್ತರಿಸಿ. ಉಂಗುರ, ಬಳೆ, ಕಡಗ ತೆಗೆದಿಡಿ. ಇದನ್ನು ಶಾಸ್ತ್ರಕ್ಕೆ ಹೇಳುತ್ತಿಲ್ಲ. ಕಲ್ಲಿನ ಸಂದಿಯಲ್ಲಿ ಉಂಗುರ ಸಿಕ್ಕಿ ಕಾಲು ಜಾರಿದರೆ ಇಡೀ ಮೈಭಾರ ಒಂದು ಬೆರಳಿನ ಮೇಲೆ ಬೀಳುತ್ತದೆ, ಬೆರಳೇ ಹೋಗಬಹುದು. ಹರಳಿನ ಉಂಗುರ ತೆಗೆಯಬಾರದು ಅಂತ ಜ್ಯೋತಿಷಿ ಹೇಳಿದ್ದರೆ ದಾರದಲ್ಲಿ ಪೋಣಿಸಿ ಬ್ಯಾಗಿನಲ್ಲಿಡಿ. ಕೂದಲು ಉದ್ದ ಇದ್ದವರು ಗಂಟು ಹಾಕಿ ಹೆಲ್ಮೆಟ್ ಒಳಗೆ ಸೇರಿಸಿ, ಬಿಲೇ ಸಾಧನಕ್ಕೆ ಕೂದಲು ಸಿಕ್ಕರೆ ಬಿಡಿಸುವುದು ಕಷ್ಟ.

ಎರಡನೇ ದಿನ: ನೆಲದ ಮೇಲಿನ ಕೆಲಸ

ಆರೂವರೆಗೆ ಬಂಡೆಯ ಬುಡದಲ್ಲಿ ಇರಿ. ಹೊಟ್ಟೆ ತುಂಬ ಇಡ್ಲಿ ತಿಂದು ಬರಬೇಡಿ, ಎರಡು ಬಾಳೆಹಣ್ಣು ಸಾಕು. ಹತ್ತು ನಿಮಿಷ ಭುಜ, ಮಣಿಕಟ್ಟು, ಬೆರಳು, ಸೊಂಟ ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ. ತಣ್ಣಗಿನ ಬೆರಳಿನಿಂದ ಜೋತುಬಿದ್ದರೆ ಸ್ನಾಯು ಹರಿಯಬಹುದು.

ಮೊದಲ ಸಲ ಏರುವವರಿಗೆ ಟಾಪ್ ರೋಪ್ ಮಾತ್ರ. ಅಂದರೆ ಹಗ್ಗ ಮೇಲಿನ ಆಂಕರ್‌ನಲ್ಲಿ ಹಾದು ಎರಡೂ ತುದಿ ಕೆಳಗೆ ಬಂದಿರುತ್ತದೆ. ಬಾವಿಯ ಗಾಲಿಗೆ ಹಗ್ಗ ಹಾಕಿದಂತೆ. ಒಂದು ತುದಿ ನಿಮ್ಮ ಸೊಂಟಕ್ಕೆ. ಇನ್ನೊಂದು ಬದಿ ಕೆಳಗಿರುವ ಬಿಲೇಯರ್ ಕೈಗೆ. ನೀವು ಏರಿದಷ್ಟೂ ಅವರು ಸಡಿಲ ಎಳೆದುಕೊಳ್ಳುತ್ತಾರೆ. ಕೈ ಬಿಟ್ಟರೆ ಒಂದಡಿ-ಎರಡಡಿ ಜಗ್ಗಿ ನಿಲ್ಲುತ್ತೀರಿ. ಲೀಡ್ ಏರುವುದು ಬೇರೆ. ಅಲ್ಲಿ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತಾ ಹೋಗಬೇಕು. ಕೊನೆಯ ಬೋಲ್ಟಿನಿಂದ ಆರಡಿ ಮೇಲಿದ್ದಾಗ ಬಿದ್ದರೆ ಹನ್ನೆರಡಡಿಗಿಂತ ಜಾಸ್ತಿಯೇ ಬೀಳುತ್ತೀರಿ. ಅದರ ಆಸೆ ಈ ಟ್ರಿಪ್‌ನಲ್ಲಿ ಬೇಡ.

ಏರುವ ಮೊದಲು ಈ ಕ್ರಮ ಒಂದೂ ತಪ್ಪಬಾರದು:

1. ಹಾರ್ನೆಸ್‌ನ ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲಕ್ಕೆ ಕೂಡಬೇಕು. ಬಿಗಿ ಮಾಡಿದ ಮೇಲೆ ಕೆಳಗೆ ಜಗ್ಗಿದರೆ ಜಾರಬಾರದು.
2. ಹಗ್ಗವನ್ನು ಎಂಟರ ಗಂಟಿನಿಂದ ಕಟ್ಟಬೇಕು. ಮೊದಲು ಹಗ್ಗದಲ್ಲಿ 8ರ ಆಕಾರ, ಆಮೇಲೆ ತುದಿಯನ್ನು ಹಾರ್ನೆಸ್‌ನ ಕಾಲಿನ ಪಟ್ಟಿ ಮತ್ತು ಸೊಂಟದ ಪಟ್ಟಿ ಎರಡರಲ್ಲೂ ಹಾಯಿಸಿ, ಬಂದ ದಾರಿಯಲ್ಲೇ ವಾಪಸ್. ಗಂಟಿನಲ್ಲಿ ಎಲ್ಲೆಡೆ ಜೋಡಿ ಎಳೆ ಕಾಣಬೇಕು. ಬಾಲ ಒಂದು ಗೇಣಿನಷ್ಟಾದರೂ ಉಳಿಯಲಿ.
3. ಬಿಲೇಯರ್‌ನ ಕ್ಯಾರಬೀನರ್ ಲಾಕ್ ಆಗಿದೆಯಾ ಅಂತ ಹಿಚುಕಿ ನೋಡಿ. ಕಣ್ಣಿನಿಂದ ನೋಡಿದರೆ ಸಾಲದು.
4. ಹಗ್ಗದ ಇನ್ನೊಂದು ತುದಿಗೆ ಗಂಟು ಇದೆಯಾ? ಇಳಿಸುವಾಗ ಹಗ್ಗ ಸಾಲದೆ ತುದಿ ಜಾರಿ ಹೋಗಿ ಆದ ಅಪಘಾತಗಳು ಜಗತ್ತಿನಲ್ಲಿ ಬಹಳ.
5. ಈಗ ಒಬ್ಬರದು ಇನ್ನೊಬ್ಬರು ಪರೀಕ್ಷಿಸಿ. ತರಬೇತುದಾರರದ್ದನ್ನೂ ನೋಡಿ. ಅವರಿಗೆ ಬೇಜಾರಾಗುವುದಿಲ್ಲ, ಖುಷಿಯಾಗುತ್ತದೆ.

ಮಾತು ಮೊದಲೇ ಗೊತ್ತು ಮಾಡಿಕೊಳ್ಳಿ. ‘ಬಿಲೇ ರೆಡಿ?’ ‘ರೆಡಿ.’ ‘ಹತ್ತತೀನಿ.’ ‘ಹತ್ತು.’ ಮೇಲಿಂದ ‘ಟೈಟ್’ ಅಂದರೆ ಹಗ್ಗ ಬಿಗಿ ಮಾಡು, ‘ಸಡಿಲ’ ಅಂದರೆ ಬಿಡು, ‘ಇಳಿಸು’ ಅಂದರೆ ಇಳಿಸು. ಗಾಳಿ ಇದ್ದಾಗ ಉದ್ದ ವಾಕ್ಯ ಕೇಳುವುದಿಲ್ಲ.

ನಿಮಗೆ ಬಿಲೇ ಮಾಡಲು ಕಲಿಸಿದರೆ ಒಂದೇ ನಿಯಮ ಎದೆಯಲ್ಲಿ ಇಟ್ಟುಕೊಳ್ಳಿ. ಬ್ರೇಕ್ ಹಿಡಿಯುವ ಕೈ ಹಗ್ಗ ಬಿಡಬಾರದು. ನೊಣ ಬರಲಿ, ಫೋನ್ ಬರಲಿ, ಅತ್ತೆಯೇ ಬರಲಿ.

ಗೋಡೆಯ ಮೇಲೆ

ಕೈ ಹಾಕುವ ಮೊದಲು ಎರಡು ಹೆಜ್ಜೆ ಹಿಂದೆ ಬಂದು ಗೋಡೆ ಓದಿ. ನಿನ್ನೆ ಗುಹೆಯಲ್ಲಿ ಮಾಡಿದ್ದೇ ಕೆಲಸ. ಅಡ್ಡ ಪದರಗಳು ಎಲ್ಲಿವೆ? ನೆರಳಿನ ಗೆರೆ ಇದ್ದಲ್ಲಿ ಅಂಚು ಇದೆ. ಮೊದಲ ಐದು ಕಾಲಿಡುವ ಜಾಗ ಗುರುತು ಹಾಕಿಕೊಳ್ಳಿ. ಕೈಯದಲ್ಲ, ಕಾಲಿನದು.

ಏಕೆಂದರೆ ಹೊಸಬರೆಲ್ಲ ಮಾಡುವ ತಪ್ಪು ಒಂದೇ. ಹೆದರಿಕೆಗೆ ಕೈಯಿಂದ ಅಪ್ಪಿ ಹಿಡಿಯುತ್ತಾರೆ. ಮೂರು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ, ಬೆರಳು ತಾನೇ ಬಿಚ್ಚಿಕೊಳ್ಳುತ್ತದೆ. ನಾನು ಮೊದಲ ಸಲ ಹಾಗೇ ಮಾಡಿ, ಹನ್ನೆರಡನೇ ಅಡಿಯಲ್ಲಿ ‘ಇಳಿಸ್ರಿ’ ಅಂತ ಕೂಗಿಕೊಂಡೆ. ಕೆಳಗಿನಿಂದ ತರಬೇತುದಾರ, ನನಗಿಂತ ಹದಿನೈದು ವರ್ಷ ಚಿಕ್ಕವನು, ಶಾಂತವಾಗಿ ಹೇಳಿದ: ‘ಕೈ ನಂಬಬ್ಯಾಡ್ರಿ ಅಣ್ಣಾ, ಕಾಲ ನಂಬ್ರಿ. ಏಣಿ ಹತ್ತುವಾಗ ಕೈಯಿಂದ ಜಗ್ಗತೀರೇನ್?’

ನಿಜ. ಏಣಿ ಹತ್ತುವಾಗ ತೊಡೆ ಎತ್ತುತ್ತದೆ, ಕೈ ಸುಮ್ಮನೆ ತೂಕ ಸರಿಹಿಡಿಯುತ್ತದೆ. ಇಲ್ಲೂ ಹಾಗೇ. ಪಾದದ ಮಧ್ಯ ಭಾಗ ಇಡಬೇಡಿ, ಹೆಬ್ಬೆರಳ ಕಡೆಯ ತುದಿ ಇಡಿ. ಇಡುವವರೆಗೂ ಕಣ್ಣು ಕಾಲಿನ ಮೇಲಿರಲಿ. ತೋಳು ನೆಟ್ಟಗೆ ಚಾಚಿ ಜೋತುಬೀಳಿ, ಮಡಚಿ ಹಿಡಿದರೆ ಬೇಗ ದಣಿವು. ಸೊಂಟ ಗೋಡೆಗೆ ಹತ್ತಿರ. ಒಂದು ಸಲಕ್ಕೆ ಒಂದು ಕೈಯೋ ಕಾಲೋ ಮಾತ್ರ ಸರಿಸಿ, ಉಳಿದ ಮೂರು ಕಲ್ಲಿನ ಮೇಲಿರಲಿ. ದೊಡ್ಡ ಹೆಜ್ಜೆ ಒಂದಕ್ಕಿಂತ ಸಣ್ಣ ಹೆಜ್ಜೆ ಎರಡು ಮೇಲು. ಒಳ್ಳೆ ಅಂಚು ಸಿಕ್ಕಲ್ಲಿ ನಿಂತು ಒಂದೊಂದೇ ಕೈ ಕೆಳಗೆ ಬಿಟ್ಟು ಕೊಡವಿ, ರಕ್ತ ಓಡಾಡಲಿ. ಉಸಿರಾಡುವುದನ್ನು ಮರೆಯಬೇಡಿ. ನಗಬೇಡಿ, ನಿಜವಾಗಿಯೂ ಮರೆಯುತ್ತಾರೆ.

ಬಾದಾಮಿ ಕಲ್ಲಿನ ಗುಣ ಒಂದಿದೆ. ಮೇಲ್ಮೈ ಉಪ್ಪಿನ ಕಾಗದದ ಹಾಗೆ ತರಿತರಿ. ಶೂ ಚೆನ್ನಾಗಿ ಕಚ್ಚುತ್ತದೆ, ಬೆರಳಿನ ಚರ್ಮವನ್ನೂ ಅಷ್ಟೇ ಚೆನ್ನಾಗಿ ಕಚ್ಚುತ್ತದೆ. ಪದರದ ಸಂದಿಯ ಹಿಡಿತ ಎಷ್ಟೋ ಕಡೆ ಅಡ್ಡಲಾಗಿ ಪೂರ್ತಿ ಬೆರಳು ಕೂಡುವಷ್ಟು ಇರುತ್ತದೆ. ಆದರೆ ತೆಳ್ಳಗಿನ ಚಕ್ಕೆ ಎದ್ದಲ್ಲಿ ಮೊದಲು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದಕ್ಕೆ ಭಾರ ಹಾಕಬೇಡಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ತಟ್ಟಿ ನೋಡುತ್ತೀರಲ್ಲ, ಅದೇ ಕಿವಿ ಇಲ್ಲಿ ಬೇಕು.

ಮೇಲೆ ಮುಟ್ಟಿದ ಮೇಲೆ ಇಳಿಯುವುದಕ್ಕೂ ಒಂದು ರೀತಿ ಇದೆ. ‘ಟೈಟ್’ ಅನ್ನಿ, ಹಗ್ಗದ ಬಿಗಿ ಮೈಗೆ ತಿಳಿಯಲಿ. ಆಮೇಲೆ ಕುರ್ಚಿಯಲ್ಲಿ ಕೂತಂತೆ ಹಿಂದಕ್ಕೆ ವಾಲಿ, ಕಾಲು ಅಗಲಿಸಿ ಗೋಡೆಗೆ ಒತ್ತಿ ನಡೆಯುತ್ತಾ ಇಳಿಯಿರಿ. ಹಿಂದಕ್ಕೆ ವಾಲುವ ಆ ಮೊದಲ ಕ್ಷಣವೇ ಎಲ್ಲಕ್ಕಿಂತ ಕಷ್ಟ. ಏರುವುದಕ್ಕಿಂತ ಕಷ್ಟ. ಅಲ್ಲಿ ಹತ್ತು ನಿಮಿಷ ಕಣ್ಣುಮುಚ್ಚಿ ಬಂಡೆ ಅಪ್ಪಿಕೊಂಡು ನಿಂತವರನ್ನು ನೋಡಿದ್ದೇನೆ. ಅವಸರ ಮಾಡಬೇಡಿ, ಕೆಳಗಿದ್ದವರೂ ಅವಸರ ಮಾಡಿಸಬೇಡಿ.

ಮೂರು ದಾರಿ, ಪ್ರತಿಯೊಂದನ್ನೂ ಎರಡು ಸಲ. ಮೊದಲ ಸಲಕ್ಕೆ ಸಾಕು. ಹತ್ತೂವರೆ ಹೊತ್ತಿಗೆ ಗೋಡೆಗೆ ಬಿಸಿಲು ಬಂದರೆ ಬೆವರಿಗೆ ಬೆರಳು ಜಾರಲು ಶುರುವಾಗುತ್ತದೆ, ಚಾಕ್ ಎಷ್ಟು ಹಚ್ಚಿದರೂ ಅಷ್ಟೇ.

ಮಳೆ, ಜೇನು, ಮಂಗ

ಮಳೆಯ ಕಾರಣ ಹೇಳುತ್ತೇನೆ ಅಂದಿದ್ದೆ. ಮರಳುಗಲ್ಲು ನೀರು ಕುಡಿಯುತ್ತದೆ. ಒದ್ದೆಯಾದಾಗ ಕಣಗಳ ನಡುವಿನ ಬಿಗಿ ಸಡಿಲವಾಗಿ ಅಂಚುಗಳು ಮುರಿಯುತ್ತವೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಜೋರು ಮಳೆ ಬಿದ್ದ ಮೇಲೆ ಎರಡು ದಿನವಾದರೂ ಬಿಡಿ. ಹಿಡಿತ ಮುರಿದರೆ ನಿಮಗೂ ಪೆಟ್ಟು, ಮುಂದೆ ಬರುವವರಿಗೆ ಆ ದಾರಿಯೂ ಇಲ್ಲ.

ಹೆಜ್ಜೇನು ಮಂಗಕ್ಕಿಂತ ದೊಡ್ಡ ಅಪಾಯ. ಬಾದಾಮಿಯ ಎತ್ತರದ ಚಾಚು ಬಂಡೆಗಳ ಕೆಳಗೆ ಗೂಡು ಕಟ್ಟುತ್ತವೆ. ಬುಡಕ್ಕೆ ಬಂದ ಕೂಡಲೇ ತಲೆ ಎತ್ತಿ ನೋಡಿ. ಗೂಡು ಕಂಡರೆ ಬೇರೆ ಗೋಡೆ. ಅತ್ತರು, ಸೆಂಟು ಬೇಡ, ಹೊಗೆ ಬೇಡ, ಗದ್ದಲ ಬೇಡ. ತಿಳಿ ಬಣ್ಣದ ಅಂಗಿ ಹೇಳಿದ್ದು ಇದಕ್ಕೇ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಓಡಿ. ಹಗ್ಗದಲ್ಲಿ ಇದ್ದವರನ್ನು ತಕ್ಷಣ ಇಳಿಸಿ, ಬಿಲೇಯರ್ ಮೊದಲು ಓಡುವ ಹಾಗಿಲ್ಲ. ಆಂಬುಲೆನ್ಸಿಗೆ 108. ಊರಲ್ಲಿ ಸರಕಾರಿ ಆಸ್ಪತ್ರೆ ಇದೆ, ದೊಡ್ಡದಕ್ಕೆ ಬಾಗಲಕೋಟೆ.

ಮಂಗಗಳಿಗೆ ಬ್ಯಾಗಿನ ಜಿಪ್ ತೆಗೆಯಲು ಬರುತ್ತದೆ. ಇಷ್ಟು ಹೇಳಿದರೆ ಸಾಕು.

ಇಳಿದ ಮೇಲೆ

ಬುಡದಲ್ಲಿ ಬಿದ್ದ ಅಂಟುಪಟ್ಟಿ, ಕರದಂಟಿನ ಕಾಗದ ಎಲ್ಲ ಎತ್ತಿಕೊಳ್ಳಿ. ಹಿಡಿತಗಳ ಮೇಲಿನ ಚಾಕ್ ಗುರುತನ್ನು ಮೆತ್ತಗಿನ ಬ್ರಷ್‌ನಿಂದ ಒರೆಸಿ. ತಂತಿ ಬ್ರಷ್ ಬೇಡ, ಕಲ್ಲು ಸವೆಯುತ್ತದೆ. ಗುಡ್ಡದ ಮೇಲೆ ಮೇಕೆ ಕಾಯುವವರು, ಹುಲ್ಲಿಗೆ ಬಂದ ಅಜ್ಜಿಯರು ಸಿಗುತ್ತಾರೆ. ‘ಯಾಕ್ರಪಾ ಇದನ್ನ ಹತ್ತೂದು, ಆ ಕಡೆಯಿಂದ ದಾರಿ ಐತಲ್ಲ’ ಅಂತ ಕೇಳುತ್ತಾರೆ. ಉತ್ತರ ನನಗೂ ಇನ್ನೂ ಸಿಕ್ಕಿಲ್ಲ.

ಸ್ನಾನ ಮಾಡಿ ಬನಶಂಕರಿಗೆ ಹೋಗಿ, ಬಾದಾಮಿಯಿಂದ 5 ಕಿಲೋಮೀಟರ್. ಹೊಂಡ, ಗುಡಿ ನೋಡಿ ಹೊರಗೆ ಬಂದರೆ ಬುಟ್ಟಿ ಹೊತ್ತ ತಾಯಂದಿರು ತಾವೇ ಕರೆಯುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ, ಕೆಂಪು ಖಾರ. ಪಟ್ಟದಕಲ್ಲು 22 ಕಿಲೋಮೀಟರ್, ಐಹೊಳೆ ಇನ್ನೂ ಮುಂದೆ. ಅವಕ್ಕೆ ಮೂರನೇ ದಿನ ಇಟ್ಟುಕೊಂಡವರು ಜಾಣರು.

ಒಂದು ಎಚ್ಚರಿಕೆ ಬಾಕಿ ಇದೆ. ಆ ಹೊತ್ತಿಗೆ ನಿಮ್ಮ ಹತ್ತೂ ಬೆರಳ ತುದಿಯ ಚರ್ಮ ಸವೆದು ಗುಲಾಬಿ ಬಣ್ಣಕ್ಕೆ ಬಂದಿರುತ್ತದೆ. ಗೊತ್ತಿಲ್ಲದೆ ರೊಟ್ಟಿ ಮುರಿದು ಕೆಂಪು ಖಾರಕ್ಕೆ ಅದ್ದಿದೆ ನಾನು. ಗೋಡೆಯ ಮೇಲೆ ಕೂಗದಷ್ಟು ಜೋರಾಗಿ ಅಲ್ಲಿ ಕೂಗಿದೆ. ಬುಟ್ಟಿಯ ಅವ್ವ ನಕ್ಕು ಒಂದು ಚಮಚ ಹುಡುಕಿ ಕೊಟ್ಟಳು. ನೀವು ಮೊದಲೇ ಕೇಳಿ.